ಐದನೇ ಸಾಲಿನ ಎಡಗಡೆ ಕಿಟಕಿ

ಸ್ಯಾಂಟಿಯಾಗೋ
ಶುಕ್ರವಾರ, ಅಕ್ಟೋಬರ್ 9, 1998

ಅಮ್ಮ,

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನ ಜೌಗು ಹಸಿರಾಗಿದೆ. ನಿನ್ನೆ ಬೆಳಿಗ್ಗೆ ಎಂಟು ಗಂಟೆ ಸುಮಾರಿಗೆ ವಿಮಾನದ ಕಿಟಕಿಯಿಂದ ಕಣ್ಣಾರೆ ನೋಡಿದೆ. ಅಲ್ಲಿ ಕೊರೆಯುವ ಯಂತ್ರವಿಲ್ಲ, ಕೊಳವೆ ಸಾಲಿಲ್ಲ, ಲಾರಿ ಓಡಾಡಿದ ದಾರಿಯೂ ಇಲ್ಲ. ನೀನು ಹೇಳಿದ್ದು ನಿಜ.

ಈ ಕೊನೆಯ ಮೂರು ಪದಗಳನ್ನು ಬರೆಯುವುದಕ್ಕೆ ಫರ್ಮಿನ್ ಮಾವನ ಅಡುಗೆಮನೆಯಲ್ಲಿ ಎರಡು ಲೋಟ ಚಹಾ ಕುಡಿದೆ. ಬರೆದ ಮೇಲೆ ಹಗುರಾಯಿತು. ಮಾವ ನಾಳೆ ಗಣಿಯ ಪಾಳಿಗೆ ನಮ್ಮೂರ ಕಡೆಗೇ ಹೊರಟಿದ್ದಾನೆ, ಕಾಗದ ಅವನ ಕೈಲಿ ಕೊಡುತ್ತೇನೆ. ನಾನು ಬರುವುದು ಮುಂದಿನ ಶುಕ್ರವಾರ. ಅಲ್ಲಿಯವರೆಗೆ ಕಾಯಲು ನನ್ನಿಂದಾಗದು. ಅರವತ್ತು ಮನೆಯ ಊರಿನಲ್ಲಿ, ಸಬೀನಾ ಅತ್ತೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು, ದಿನಕ್ಕೆರಡು ಸಲ ನಿನ್ನ ಬಾಗಿಲ ಮುಂದೆಯೇ ಹಾದು ಹೋಗುತ್ತಾ ಏಳು ವಾರ ನಿನ್ನ ಜೊತೆ ಮಾತು ಬಿಟ್ಟವಳು ನಾನು. ಇನ್ನೊಂದು ವಾರ ಸೇರಿಸಲು ಇಷ್ಟವಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದಾಳೆ ಎಂದು ಗೊಣಗಬೇಡ. ನಾನು ಮಾಡಿದ್ದನ್ನು ನಾನೇ ಒಂದು ಸಲ ಸಾಲಾಗಿ ಬರೆದು ನೋಡಬೇಕು.

ಜೂನ್ ತಿಂಗಳಲ್ಲಿ ನೀನು ಊರ ಅಧ್ಯಕ್ಷೆಯಾಗಿ ಉಪ್ಪಿನ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದೆ. ಕೆಳಗಿನ ಎರಡು ಬಾವಿಗಳಿಂದ ಅವರು ನೀರು ತೆಗೆಯಬಹುದು, ಮೇಲಿನ ಜೌಗಿನ ಸುತ್ತ ಒಂದು ಹರದಾರಿ ದೂರದಲ್ಲಿ ಒಂದು ಗುಣಿಯನ್ನೂ ತೋಡುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ನಾನು ಆ ಸಾಲನ್ನು ಓದಿ ನಕ್ಕೆ. ಕಂಪನಿ ಕೊಟ್ಟ ಮಾತನ್ನು ಉಳಿಸಿಕೊಂಡದ್ದು ನಾನು ಓದಿದ ಯಾವ ಕರಪತ್ರದಲ್ಲೂ ಇರಲಿಲ್ಲ. ಜೌಗನ್ನು ಮಾರಿ ಆಯಿತು, ಆ ಸಾಲು ಹಳ್ಳಿಯವರ ಕಣ್ಣಿಗೆ ಮಣ್ಣು ಎಂದು ನಿರ್ಧರಿಸಿದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ.

ಆಗಸ್ಟಿನಲ್ಲಿ ಕಾಲುವೆ ಹೂಳೆತ್ತುವ ದಿನ ಬಂತು. ಮನೆಗೊಂದು ಆಳಿನಂತೆ ಎಲ್ಲರೂ ಸಲಿಕೆ ಹಿಡಿದು ಊರಿನಿಂದ ಮೇಲಕ್ಕೆ ಕೆಲಸ ಮಾಡುತ್ತಾ ಹೋದೆವು. ನೀರುಗಂಟಿ ದೊನ್ ಕ್ರಿಸ್ಪುಲೊ ತನ್ನ ಕೋಲಿನಿಂದ ನನ್ನ ಪಾಲಿನ ಉದ್ದ ಅಳೆದು, ನಾನು ತೆಗೆದ ಹೂಳು ಸಾಲದು ಎಂದು ಎರಡು ಸಲ ವಾಪಸು ಕಳಿಸಿದ. ಆ ಸಿಟ್ಟೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಸಂಜೆಯ ಹೊತ್ತಿಗೆ ಕಾಲುವೆ ಶುರುವಾಗುವ ನೀರಿನ ಬಾಯಿ ಮುಟ್ಟಿದೆವು. ಗಂಡಸರು ಟೋಪಿ ತೆಗೆದರು. ದೊನ್ ಕ್ರಿಸ್ಪುಲೊ ಕೋಕಾ ಎಲೆಯಿಟ್ಟು, ಬೆಟ್ಟಕ್ಕೆ ಮುಖ ಮಾಡಿ ನೆಲಕ್ಕೆ ಜೋಳದ ಕಳ್ಳು ಚೀಚಾ ಎರೆಯುತ್ತಿದ್ದ. ಆ ಹೊತ್ತಿನಲ್ಲಿ ಅಲ್ಲಿ ಯಾರೂ ದನಿ ಏರಿಸಬಾರದು, ಜಗಳದ ಮಾತು ಕೇಳಿದರೆ ನೀರು ಒಳಗೆ ಸೇರಿಕೊಳ್ಳುತ್ತದೆ ಎಂದು ಎರಡು ವರ್ಷದ ಮಗುವಿಗೂ ಗೊತ್ತು. ನಾನು ಆ ಹೊತ್ತನ್ನೇ ಆರಿಸಿಕೊಂಡೆ.

"ಯಾರಿಗೆ ಪೂಜೆ ಮಾಡ್ತಿದೀರಿ? ಈ ನೀರು ಮಾರಿದೋಳು ಇಲ್ಲೇ ನಿಂತಿದಾಳೆ!" ಅಂದೆ.

ದೊನ್ ಕ್ರಿಸ್ಪುಲೊ ಲೋಟ ಕೆಳಗಿಟ್ಟ. ನೀನು ಏನೂ ಹೇಳಲಿಲ್ಲ. ಸಲಿಕೆ ಹೆಗಲಿಗಿಟ್ಟುಕೊಂಡು ಇಳಿದು ಹೋದೆ. ನಿನ್ನ ಮೌನವನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ನೀರಿನ ಬಾಯಿಯ ಹತ್ತಿರ ಮಾತಾಡಬಾರದು ಎಂದಷ್ಟೇ ನೀನು ಸುಮ್ಮನಿದ್ದೆ ಎಂಬುದು ನಿನ್ನೆಯವರೆಗೆ ನನ್ನ ತಲೆಗೆ ಹೋಗಲಿಲ್ಲ.

ಮೂರನೇ ವಾರಕ್ಕೆ ಕಾಲುವೆಯ ನೀರು ಸಣ್ಣಗಾಯಿತು. ನಮ್ಮ ಸರದಿಯ ನೀರು ಪೂರ್ತಿ ಹೊಲ ಮುಟ್ಟುವ ಬದಲು ಅರ್ಧಕ್ಕೇ ನಿಂತಿತು. ಊರಲ್ಲಿ ಮೂರು ಕಥೆ ಹುಟ್ಟಿದವು. ಕಂಪನಿ ಮೇಲೆ ಕೊರೆಯುತ್ತಿದೆ ಎಂದು ನಾನು. ಇವಳ ಬಾಯಿಯಿಂದಲೇ ನೀರು ಹೋಯಿತು ಎಂದು ಮುದುಕರು. "ಬೆಟ್ಟದ ಮೇಲೆ ಹಿಮ ಇನ್ನೂ ಗಟ್ಟಿಯಾಗಿದೆ, ಚಳಿ ಬಿಡ್ಲಿ, ಬರುತ್ತೆ" ಎಂದು ನೀನು. ನಿನ್ನದು ಎಲ್ಲಕ್ಕಿಂತ ಸಪ್ಪೆಯಾಗಿತ್ತು, ಅದಕ್ಕೇ ಯಾರೂ ನಂಬಲಿಲ್ಲ. ಊರಿನಿಂದ ನೋಡಿದರೆ ಮುಂದಿನ ಗುಡ್ಡ ಅಡ್ಡ ಬರುತ್ತದೆ, ಹಿಮವೂ ಕಾಣದು, ಜೌಗೂ ಕಾಣದು.

ಸಬೀನಾ ಅತ್ತೆ ರಾತ್ರಿಯೂಟ ಬಡಿಸುತ್ತಾ ನನಗೇ ಹೇಳಿದಳು: "ನಿನ್ನ ನಾಲಿಗೆ ಕಾಲುವೆಗಿಂತ ಉದ್ದ ಕಣೇ. ಅದರ ಹೂಳು ಯಾರು ತೆಗೀತಾರೆ?"

ಹೋಗಿ ನೋಡಿಬರೋಣ ಎಂದು ಸೆಪ್ಟೆಂಬರಿನಲ್ಲಿ ಒಬ್ಬಳೇ ಹೊರಟೆ. ಇದು ನಿನಗೆ ಗೊತ್ತಿಲ್ಲ. ನಾಲ್ಕು ಗಂಟೆ ನಡೆದ ಮೇಲೆ ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು. ಕಾವಲಿಗೆ ಕಲಾಮಾ ಪಟ್ಟಣದವನೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ.

"ಚೀಟಿ ಇದೆಯಾ?" ಅಂದ.

"ಯಾವ ಚೀಟಿ? ಇದು ನಮ್ಮಜ್ಜಿ ಲಾಮಾ ಮೇಯಿಸಿದ ಜಾಗ."

"ಇರಬಹುದು. ಅಧ್ಯಕ್ಷೆ ಚೀಟಿ ಬರೆದುಕೊಟ್ರೆ ಮಾತ್ರ ಮೇಲೆ ಬಿಡೋದು. ಕಂಪನಿಯೋರಿಗೂ ಇದೇ ರೂಲು."

"ಅಧ್ಯಕ್ಷೆ ನಮ್ಮಮ್ಮ."

"ಹಾಗಾದ್ರೆ ಇನ್ನೂ ಸುಲಭ ಆಯ್ತಲ್ಲ!" ಎಂದು ನಕ್ಕ.

ನಾನು ತಿರುಗಿ ನಾಲ್ಕು ಗಂಟೆ ಇಳಿದೆ. ಗೇಟು ಇದೆ ಎಂದರೆ ಬಚ್ಚಿಡುವುದು ಏನೋ ಇದೆ ಎಂದೇ ಅರ್ಥ ಎಂದುಕೊಂಡೆ. ಕಂಪನಿಯವರಿಗೂ ಇದೇ ರೂಲು ಎಂದು ಅವನು ಹೇಳಿದ್ದು ಕಿವಿಗೆ ಬಿದ್ದಿತ್ತು, ಒಳಗೆ ಇಳಿಯಲಿಲ್ಲ. ಅವರ ಲಾರಿ ತಡೆಯುವುದಕ್ಕೆ ನೀನೇ ಹಾಕಿಸಿದ ಗೇಟು ಅದು. ನಿನ್ನನ್ನು ಒಂದು ಚೀಟಿ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ: ಬಂದ ಮೇಲೆ ನನಗೊಂದು ಚೀಟಿ ಬರೆದುಕೊಡು, ಆಗದಿದ್ದರೆ ನೀನೇ ಕರೆದುಕೊಂಡು ಹೋಗು.

ಆ ಹೊತ್ತಿಗೆ ಸ್ಯಾಂಟಿಯಾಗೋದಿಂದ ಪತ್ರ ಬಂತು. ನೀರಿನ ಕಾಯ್ದೆ ತಿದ್ದುವುದಕ್ಕೆ ಮೊದಲು ಜನರ ಅಹವಾಲು ಕೇಳುವ ಸಭೆ. ನನ್ನ ಕರಪತ್ರಗಳನ್ನು ಓದಿದ್ದ ಗಾಸ್ಪರ್ ಎಂಬ ವಿದ್ಯಾರ್ಥಿ ಮುಖಂಡ ನನ್ನ ಹೆಸರು ಸೇರಿಸಿ, ಅವರ ಸಂಘದಿಂದಲೇ ವಿಮಾನದ ಟಿಕೆಟ್ಟಿನ ವ್ಯವಸ್ಥೆ ಮಾಡಿದ್ದ. ನನಗೆ ಸಭೆಗಿಂತ ಮೊದಲು ಹೊಳೆದದ್ದು ವಿಮಾನ. ಚೀಟಿ ಇಲ್ಲದೆ ಜೌಗು ನೋಡಲು ಅದೊಂದೇ ದಾರಿ! ಯಾವ ಗೇಟೂ ಅಲ್ಲಿಯವರೆಗೆ ಏರದು.

ಫರ್ಮಿನ್ ಮಾವ ಪಾಳಿ ಮುಗಿಸಿ ಊರಿಗೆ ಬಂದಾಗ ಹಿಡಿದು ಕೂರಿಸಿದೆ. ಯಾವ ಕಡೆ ಕೂತರೆ ನಮ್ಮೂರು ಕಾಣುತ್ತೆ ಎಂದು ಕೇಳಿದೆ. ಅವನಿಗೆ ಖುಷಿಯೋ ಖುಷಿ. ಮೇಜಿನ ಮೇಲೆ ಬ್ರೆಡ್ಡಿನ ತುಂಡು ವಿಮಾನ, ಉಪ್ಪಿನ ಡಬ್ಬಿ ನಮ್ಮ ಉಪ್ಪಿನ ಬಯಲು.

"ಬಲಗಡೆ ಕೂತ್ಕೋ. ಕಣ್ಣು ಮುಚ್ಚಿ ಹೇಳ್ತೀನಿ, ಬಲಗಡೆ. ರೆಕ್ಕೆ ಮೇಲಿನ ಸಾಲು ಬೇಡ, ಬರೀ ತಗಡು ಕಾಣುತ್ತೆ. ಹಿಂದೇನೂ ಬೇಡ, ಎಂಜಿನ್ನಿನ ಕಾವಿಗೆ ಕೆಳಗಿರೋದೆಲ್ಲ ನಡುಗುತ್ತೆ. ಮುಂದೆ, ಐದನೇ ಸಾಲು. ಇಳಿಯೋಕೆ ಹತ್ತು ನಿಮಿಷ ಮುಂಚೆ ಕತ್ತು ಈ ಕಡೆ ಇಟ್ರೆ ನಿಮ್ಮಮ್ಮ ಬಟ್ಟೆ ಒಣಗಿಸೋದೂ ಕಾಣುತ್ತೆ."

ಇಳಿಯುವ ಮುಂಚೆ ಹತ್ತು ನಿಮಿಷ ಎಂದರೆ ನನಗೆ ಏರಿದ ಮೇಲೆ ಹತ್ತು ನಿಮಿಷ. ಅಷ್ಟು ಲೆಕ್ಕ ನಾನೇ ತಿರುಗಿಸಿಕೊಂಡೆ, ಜಾಣೆ ಎಂದು ಬೆನ್ನು ತಟ್ಟಿಕೊಂಡೆ. ಕಲಾಮಾದ ವಿಮಾನ ಕಚೇರಿಗೆ ನಾಲ್ಕು ದಿನ ಮೊದಲೇ ಹೋಗಿ, ಅಲ್ಲಿಯ ಹುಡುಗಿಯ ಕೈಲಿ ಸೀಟಿನ ನಕ್ಷೆ ಬಿಡಿಸಿ, ಐದನೇ ಸಾಲು, ಬಲಗಡೆ, ಕಿಟಕಿ ಎಂದು ಮೂರು ಸಲ ಹೇಳಿಸಿದೆ.

"ಮೊದಲ ಸಲ ಹಾರ್ತಿದೀರಾ?" ಅಂದಳು.

"ಹಾರೋದಕ್ಕಲ್ಲ, ತನಿಖೆಗೆ ಹೋಗ್ತಿದೀನಿ" ಅಂದೆ. ಪಾಪ, ಅವಳು ತಲೆ ತಗ್ಗಿಸಿ ಟಿಕೆಟ್ಟಿಗೆ ಮುದ್ರೆ ಒತ್ತಿದಳು.

ಅದೇ ವಾರ ಕರಪತ್ರ ಅಚ್ಚು ಮಾಡಿಸಿದೆ. ಅದರ ವಿಷಯ ಮುಂದೆ ಹೇಳುತ್ತೇನೆ. ಅದನ್ನು ಬರೆಯುವುದು ಇನ್ನೂ ಕಷ್ಟ.

ನಿನ್ನೆ ಬೆಳಿಗ್ಗೆ ವಿಮಾನ ಏರಿತು. ಮೂಗು ಗಾಜಿಗೆ ಒತ್ತಿಕೊಂಡು ಕೂತಿದ್ದೆ. ಕೆಳಗೆ ಕಂದು ಬೋಳುಗುಡ್ಡಗಳು, ಅವುಗಳಾಚೆ ಸಮುದ್ರದ ಕಡೆಯ ಮಂಜು. ಉಪ್ಪೂ ಇಲ್ಲ, ಬೆಟ್ಟವೂ ಇಲ್ಲ. ಆಗ ಗಮನಿಸಿದೆ, ನನ್ನ ಮುಖದ ಮೇಲೆ ಬಿಸಿಲಿರಲಿಲ್ಲ. ತಿರುಗಿ ನೋಡಿದೆ. ಎಡಗಡೆಯವರೆಲ್ಲ ಬಿಸಿಲಿಗೆ ಕಿಟಕಿಯ ಪರದೆ ಎಳೆದುಕೊಂಡಿದ್ದರು, ಅಂಚುಗಳಿಂದ ಬೆಳಕು ಸೋರುತ್ತಿತ್ತು. ಹುಟ್ಟಿದಾಗಿನಿಂದ ಬೆಟ್ಟದ ಮೇಲೆ ಸೂರ್ಯ ಏಳುವುದನ್ನು ನೋಡಿಕೊಂಡು ಬೆಳೆದವಳಿಗೆ ಮೂಡಣ ಯಾವುದೆಂದು ತಿಳಿಯಲು ವಿಮಾನವೇ ಏರಬೇಕಾಯಿತು. ಫರ್ಮಿನ್ ಮಾವ ಹೇಳಿದ್ದು ಸ್ಯಾಂಟಿಯಾಗೋದಿಂದ ಕಲಾಮಾಕ್ಕೆ ಬರುವ ಬಲಗಡೆ. ಹೋಗುವಾಗ ಅದು ಎಡಗಡೆ. ಹೊತ್ತನ್ನು ತಿರುಗಿಸಿಕೊಂಡ ನಾನು ಬದಿಯನ್ನು ತಿರುಗಿಸಿಕೊಂಡಿರಲಿಲ್ಲ.

ಆರು ನಿಮಿಷ ಕಳೆದುಹೋಗಿತ್ತು. ಬೆಲ್ಟ್ ಬಿಚ್ಚಿ ಎದ್ದೆ.

"ಮಿಸ್, ಕೂತ್ಕೊಳ್ಳಿ! ದೀಪ ಇನ್ನೂ ಆರಿಲ್ಲ!" ಎಂದು ಗಗನಸಖಿ ಕೂಗಿದಳು.

ಆ ಕಡೆ ಓಣಿಯ ಪಕ್ಕದ ಸೀಟಿನಲ್ಲಿ ಗಣಿಯ ಕೆಲಸಗಾರನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವನ ಮೊಣಕಾಲು ದಾಟಿ ನಡುವಿನ ಖಾಲಿ ಸೀಟಿಗೆ ಬಿದ್ದೆ. ಕಿಟಕಿಯ ಪಕ್ಕ ದಪ್ಪನೆಯ ಹೆಂಗಸು, ಎರಡೂ ಕೈಯಿಂದ ಸೀಟಿನ ತೋಳು ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಪರದೆ ಪೂರ್ತಿ ಕೆಳಗೆ.

"ಸೆನ್ಯೋರಾ, ದಮ್ಮಯ್ಯ, ಪರದೆ ಮೇಲೆತ್ತಿ."

"ಬೇಡ ತಾಯಿ. ಕೆಳಗೆ ನೋಡಿದ್ರೆ ನನ್ನ ಜೀವ ಬಾಯಿಗೆ ಬರುತ್ತೆ."

"ಹಾಗಾದ್ರೆ ಕಿಟಕಿ ಸೀಟು ಯಾಕೆ ತಗೊಂಡ್ರಿ?"

"ಇಲ್ಲಿ ಕೂತ್ರೆ ಯಾರೂ ನನ್ನ ದಾಟ್ಕೊಂಡು ಓಡಾಡಲ್ಲ ನೋಡು. ಉಪ್ಪಿನ ಕಂಪನಿ ಕ್ಯಾಂಪಲ್ಲಿ ಇಪ್ಪತ್ತು ದಿನ ನಾನೂರು ಜನಕ್ಕೆ ಬೇಯಿಸಿ ಹಾಕಿದೀನಿ. ಎರಡು ಗಂಟೆ ನನ್ನ ಯಾರೂ ಮುಟ್ಟಬಾರ್ದು ಅಂತ."

"ನಮ್ಮೂರು ಹೋಗ್ತಿದೆ, ಸೆನ್ಯೋರಾ! ಈಗ ನೋಡ್ದಿದ್ರೆ ಹೋಯ್ತು!"

ನನ್ನ ದನಿಯಲ್ಲಿ ಏನಿತ್ತೋ. ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು. "ನನ್ನ ಕೈ ಹಿಡ್ಕೋ. ಬಿಡಬೇಡ. ನಾನು ಕಣ್ಣು ಮುಚ್ಚಿರ್ತೀನಿ, ನೀನು ಮೇಲೆತ್ಕೋ. ಒಂದು ಗೇಣು, ಅಷ್ಟೇ." ಅಷ್ಟರಲ್ಲಿ ಗಗನಸಖಿ ಬಂದು ನನ್ನ ಸೊಂಟಕ್ಕೆ ನಡುವಿನ ಸೀಟಿನ ಬೆಲ್ಟ್ ಬಿಗಿದು, ಇಳಿಯುವವರೆಗೆ ಇಲ್ಲೇ ಇರಬೇಕು ಎಂದು ಗದರಿಸಿ ಹೋದಳು.

ಕಿಟಕಿಯ ಪಕ್ಕದ ಹೆಂಗಸಿನ ಹೆಸರು ಉಬೆರ್ಲಿಂದಾ. ಅವಳ ಮೈಮೇಲೆ ಅರ್ಧ ಒರಗಿ, ಬೆವರಿದ ಅವಳ ಕೈ ಹಿಡಿದು, ಒಂದು ಗೇಣಿನ ಕಿಂಡಿಯಲ್ಲಿ ನೋಡಿದೆ. ಬಿಸಿಲು ಕಣ್ಣಿಗೆ ಹೊಡೆಯಿತು.

"ಏನು ಕಾಣ್ತಿದೆ? ಸುಮ್ನಿದ್ರೆ ಭಯ ಆಗುತ್ತೆ, ಮಾತಾಡು."

"ಉಪ್ಪು."

"ಉಪ್ಪು ನಾನು ದಿನಾ ನೋಡ್ತೀನಿ. ಬೇರೆ ಏನಾದ್ರೂ ಹೇಳು."

ಹೇಳಿದೆ. ಬಿಳಿ ಬಯಲಿನ ನಡುವೆ ಕಂಪನಿ ಉಪ್ಪುನೀರು ಒಣಗಿಸುವ ಕೊಳಗಳು, ಬಣ್ಣ ಹಾಕುವವರ ತೊಟ್ಟಿಗಳ ಹಾಗೆ, ನೀಲಿ, ಹಸಿರು, ಹಳದಿ. ನಾಲ್ವತ್ತರವರೆಗೆ ಎಣಿಸಿ ಬಿಟ್ಟೆ. ಅವುಗಳಲ್ಲಿ ಒಂದೊಂದೂ ನಮ್ಮ ಊರನ್ನು ಹೊಲ ಸಮೇತ ನುಂಗುವಷ್ಟು ದೊಡ್ಡದು. ಆಮೇಲೆ ಬಯಲಿನ ಅಂಚಿನಲ್ಲಿ ಮರಗಳ ಕಪ್ಪು ಚುಕ್ಕೆ, ನಮ್ಮ ಪುರಿಲಾರ್. ನಿನ್ನ ಬಟ್ಟೆ ಕಾಣಲಿಲ್ಲ. ಚುಕ್ಕೆಯಿಂದ ಮೇಲಕ್ಕೆ ನೂಲಿನ ಹಾಗೆ ಕಾಲುವೆಯ ಗೆರೆ. ಆ ಗೆರೆ ಹಿಡಿದು ಕಣ್ಣು ಕೊರಕಲಿನಲ್ಲಿ ಏರಿತು, ಮುಂದಿನ ಗುಡ್ಡ ದಾಟಿತು. ಅಮ್ಮ, ಜೌಗು ಒಣಗಿ ಕಂದು ಕಾಣಲಿ ಎಂದು ಹೊರಟವಳು ನಾನು. ಕಂದು ಕಂಡರೆ ನಾನು ಗೆದ್ದ ಹಾಗೆ, ಭಾಷಣ ಸಿದ್ಧವಿತ್ತು. ಅಲ್ಲಿ ನೋಡುವ ಹೊತ್ತಿಗೆ, ಸೋಲಿಸಪ್ಪಾ ನನ್ನ, ಸೋಲಿಸು ಎಂದು ಯಾರನ್ನೋ ಬೇಡಿಕೊಳ್ಳುತ್ತಿದ್ದೆ.

ಹಸಿರಿತ್ತು. ಕಡು ಹಸಿರು, ಅಂಗೈ ಬಿಡಿಸಿಟ್ಟ ಹಾಗೆ. ಐದು ಬೆರಳಿನ ತೊರೆಗಳೂ ಬಿಸಿಲಿಗೆ ಮಿಂಚುತ್ತಿದ್ದವು. ಅದರ ಮೇಲೆ ಬೆಟ್ಟದ ಭುಜದಿಂದ ಕೆಳಗಿನವರೆಗೂ ಹಿಮ, ಕರಗದ ಹಿಮ, ನೀನು ಹೇಳಿದಷ್ಟೇ ಗಟ್ಟಿಯಾಗಿ. ಗೇಟಿನಿಂದ ಮೇಲಕ್ಕೆ ಒಂದೇ ಒಂದು ಚಕ್ರದ ಗುರುತಿರಲಿಲ್ಲ. ಮರಳುಗಾಡಿನಲ್ಲಿ ಒಂದು ಲಾರಿ ಹೋದರೂ ಹತ್ತು ವರ್ಷ ಗೆರೆ ಉಳಿಯುತ್ತದೆ ಎಂದು ನನಗೆ ಕಲಿಸಿದವಳು ನೀನೇ.

"ಯಾಕೆ ಅಳ್ತಿದೀಯ? ಇಲ್ವಾ?" ಎಂದು ಉಬೆರ್ಲಿಂದಾ ಕಣ್ಣು ಮುಚ್ಚಿಯೇ ಕೇಳಿದಳು.

"ಇದೆ."

"ಇದ್ರೆ ಅಳೋದ್ಯಾಕೆ?"

ಹಸಿರು ರೆಕ್ಕೆಯ ಕೆಳಗೆ ಸರಿದು ಮರೆಯಾಗಿ, ಬರೀ ಕಲ್ಲಿನ ಬೆಟ್ಟಗಳು ಬಂದ ಮೇಲೆ ಪರದೆ ಇಳಿಸಿ ಅವಳಿಗೆ ಎಲ್ಲವನ್ನೂ ಹೇಳಿದೆ. ಒಪ್ಪಂದ, ನೀರಿನ ಬಾಯಿ, ಗೇಟು, ಚೀಟಿ. ಚೀಟಿಯ ಮಾತು ಬಂದಾಗ ಎರಡೂ ಕಣ್ಣು ಬಿಟ್ಟಳು.

"ತಡಿ ತಡಿ. ಅಮ್ಮನ ಹತ್ರ ಒಂದು ಚೀಟಿ ಕೇಳೋಕಾಗ್ದೆ ಆಕಾಶಕ್ಕೆ ಹತ್ತಿದೀಯ?"

"ಹೂಂ."

"ಅಯ್ಯೋ ನಿನ್ನ! ನನ್ನ ಮಗಳು ಒಬ್ಬಳೇ ಹೀಗೆ ಅಂದ್ಕೊಂಡಿದ್ದೆ." ಹೊಟ್ಟೆ ಕುಣಿಯುವ ಹಾಗೆ ನಕ್ಕಳು. ಓಣಿಯ ಪಕ್ಕದವನು ಎಚ್ಚರಗೊಂಡು, ಇಳಿಯಿತಾ ಎಂದು ಕೇಳಿ ಮತ್ತೆ ಮಲಗಿದ.

ಕಂಪನಿಯ ಅನ್ನ ತಿನ್ನುವವರೆಲ್ಲ ಕಂಪನಿಯ ಬಾಯಿ ಎಂದು ನಾನು ಒಂದು ಕರಪತ್ರದಲ್ಲಿ ಬರೆದಿದ್ದೆ, ನಿನಗೆ ನೆನಪಿರಬಹುದು. ಅದನ್ನೂ ಅವಳಿಗೆ ಹೇಳಿದೆ, ಸುಳ್ಳು ಮಾತಾಡಿ ಸಾಕಾಗಿತ್ತು. ಅವಳು ಚೀಲದಿಂದ ಬ್ರೆಡ್ಡು, ಮೇಕೆ ಗಿಣ್ಣು ತೆಗೆದು ಅರ್ಧ ಮುರಿದು ನನ್ನ ಕೈಗಿಟ್ಟಳು. "ಕಂಪನಿ ಏನೂ ಬೇಯಿಸಲ್ಲ ಕಣಮ್ಮ, ಬೇಯಿಸೋಳು ನಾನು. ತಿನ್ನು" ಅಂದಳು. ತಿಂದೆ.

ಅವಳಿಗೂ ಹೇಳದ ಒಂದು ಮಾತು ಇದೆ. ನಿನ್ನೊಬ್ಬಳಿಗೇ ಬರೆಯುತ್ತಿದ್ದೇನೆ, ಮಾವನಿಗೆ ಓದಿ ಹೇಳಬೇಡ. ನೀರು ಸಣ್ಣಗಾದಾಗ ನಾನು ಊರ ತುಂಬ ಕಂಪನಿ ಕಂಪನಿ ಎಂದು ಕೂಗಿದೆ. ಆದರೆ ಒಳಗೊಳಗೆ ಮುದುಕರ ಮಾತೇ ನನ್ನನ್ನು ಕಚ್ಚುತ್ತಿತ್ತು. ಮೂಢನಂಬಿಕೆ ಎಂದು ಬರೆದವಳು ನಾನೇ. ಆದರೂ ದೊನ್ ಕ್ರಿಸ್ಪುಲೊ ಲೋಟ ಕೆಳಗಿಟ್ಟದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ. ನನ್ನ ಒಂದು ಮಾತಿಗೆ ಊರಿನ ನೀರು ಹೋಯಿತೇ ಎಂದು ಎಷ್ಟು ಬೆಳಗಿನ ಜಾವ ಎದ್ದು ಕಾಲುವೆಗೆ ಕೈ ಇಟ್ಟು ನೋಡಿದೆನೋ. ಹಾಗಾಗಿ ನಿನ್ನೆ ಕಂಡ ಹಸಿರು ನನಗೆ ಎರಡು ಕಡೆಯಿಂದ ಬಿಡುಗಡೆ. ನೀನೂ ಮಾರಿರಲಿಲ್ಲ, ನಾನೂ ಒಣಗಿಸಿರಲಿಲ್ಲ. ಹಿಮ ಕರಗಬೇಕು, ಅಷ್ಟೇ. ಇಷ್ಟು ಸರಳ ಸಮಾಚಾರಕ್ಕೆ ಇಷ್ಟು ಸಂತೋಷಪಡಬಹುದು ಎಂದು ಗೊತ್ತಿರಲಿಲ್ಲ.

ಈಗ ಕರಪತ್ರದ ವಿಷಯ. ಅದರ ತಲೆಬರಹ 'ನೀರು ಮಾರಿದ ಕೈ'. ನಡುವೆ ನಿನ್ನ ಸಹಿಯನ್ನು ದೊಡ್ಡದಾಗಿ ಅಚ್ಚು ಹಾಕಿಸಿದ್ದೆ. ಕೆಳಗೆ, ಈ ಹೆಂಗಸು ತನ್ನ ಹೆಸರು ಬರೆದ ದಿನ ಒಂದು ಊರು ಬತ್ತಿತು ಎಂದಿತ್ತು. ಯಾರೂ ಹೇಳಿ ಬರೆಸಿದ್ದಲ್ಲ. ಆ ವಾಕ್ಯ ಚೆನ್ನಾಗಿದೆ ಎಂದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ. ನೂರಿಪ್ಪತ್ತು ಪ್ರತಿಗಳನ್ನು ಮುಂಚೆಯೇ ಬಸ್ಸಿನಲ್ಲಿ ಗಾಸ್ಪರ್‌ಗೆ ಕಳಿಸಿದ್ದೆ.

ವಿಮಾನ ಇಳಿದವಳೇ ಸಭಾಂಗಣಕ್ಕೆ ಓಡಿದೆ. ಪ್ರತಿ ಕುರ್ಚಿಯ ಮೇಲೂ ನಿನ್ನ ಸಹಿ ಕೂತಿತ್ತು. ಒಂದು ತುದಿಯಿಂದ ಎತ್ತಲು ಶುರು ಮಾಡಿದೆ. ಜನ ಬರುತ್ತಿದ್ದರು. ಮೀನುಗಾರರ ಸಂಘದ ಮುದುಕನೊಬ್ಬ ಅದರ ಮೇಲೇ ಕೂತುಬಿಟ್ಟಿದ್ದ.

"ಸ್ವಲ್ಪ ಏಳಿ, ಅಜ್ಜ."

"ಯಾಕಮ್ಮ, ಕುರ್ಚಿ ಮುರಿದಿದೆಯಾ?"

"ಕುರ್ಚಿ ಗಟ್ಟಿ ಇದೆ, ಅದರ ಮೇಲಿರೋ ಕಾಗದ ಸರಿ ಇಲ್ಲ."

ಗಾಸ್ಪರ್ ಓಡಿ ಬಂದು ನನ್ನ ತೋಳು ಹಿಡಿದ. "ಏನ್ಮಾಡ್ತಿದೀಯ? ಇವತ್ತು ನಮ್ಮ ಕೈಲಿರೋ ಬೆಂಕಿ ಇದೊಂದೇ!"

"ಇದು ಸುಳ್ಳು, ಗಾಸ್ಪರ್. ಇವತ್ತು ಬೆಳಿಗ್ಗೆ ನೋಡ್ಕೊಂಡು ಬಂದೆ."

"ಒಂದು ಜೌಗು ಉಳೀತು ಅಂತ ಇಡೀ ಹೋರಾಟ ಮಡಚಿಡ್ತೀಯಾ? ಅದು ಸುಳ್ಳಾದ್ರೂ ನಮ್ಮ ಕಡೆಗೆ ಕೆಲಸ ಮಾಡುತ್ತೆ."

ಒಂದು ವಾರದ ಹಿಂದೆ ಇದೇ ಮಾತನ್ನು ನಾನು ಹೇಳುತ್ತಿದ್ದೆನೇನೋ. ನಿನ್ನೆ ಅದನ್ನು ಬೇರೆಯವರ ಬಾಯಲ್ಲಿ ಕೇಳಿ ಹೇಸಿಗೆಯಾಯಿತು. "ಕಂಪನಿಯೋರೂ ಹೀಗೇ ಮಾತಾಡೋದು" ಎಂದು ಕೈ ಕೊಡವಿಕೊಂಡೆ. ನೂರ ಹದಿನೆಂಟು ಸಿಕ್ಕವು. ಎರಡು ಸಿಗಲಿಲ್ಲ. ಯಾರ ಜೇಬಿನಲ್ಲೋ ಊರಿನವರೆಗೂ ಬರಬಹುದು, ಒಂದು ದಿನ ನಿನ್ನ ಕೈಗೂ ಬೀಳಬಹುದು. ಈ ಕಾಗದ ಅದಕ್ಕಿಂತ ಮುಂಚೆ ನಿನ್ನನ್ನು ಮುಟ್ಟಬೇಕು ಎಂದೇ ಇಷ್ಟು ಅವಸರ. ಅದನ್ನು ಓದಿದರೆ ನೋವಾಗುತ್ತದೆ. ಆಗಲಿ. ಆ ನೋವು ನಾನು ಕೊಟ್ಟದ್ದು, ಅದಕ್ಕೆ ಬೇರೆ ಯಾರನ್ನೂ ದೂರಬೇಡ.

ನನ್ನ ಸರದಿ ಬಂದಾಗ ಹಳೆಯ ಭಾಷಣ ಚೀಲದಲ್ಲೇ ಇತ್ತು. ಕಂಡದ್ದನ್ನು ಹೇಳಿದೆ. ನಾಲ್ವತ್ತು ಕೊಳಗಳನ್ನು ಹೇಳಿದೆ. ಕೆಳಗಿನ ಎರಡು ಬಾವಿಗಳಿಂದ ಎಷ್ಟು ನೀರು ಹೋಗುತ್ತಿದೆ ಎಂದು ಅಳೆಯುವವರು ಕಂಪನಿಯವರೇ, ಅಳತೆಗೋಲು ಊರಿನ ಕೈಯಲ್ಲಿರಬೇಕು ಎಂದೆ. ಆಮೇಲೆ, ಮೇಲಿನ ಜೌಗು ಉಳಿದಿದೆ, ಒಪ್ಪಂದದ ಒಂದು ಸಾಲು ಅದನ್ನು ಉಳಿಸಿದೆ, ಆ ಸಾಲು ಎಲ್ಲ ಊರುಗಳಿಗೂ ಕಾಯ್ದೆಯಾಗಲಿ ಎಂದೆ. ಚಪ್ಪಾಳೆ ಕಡಿಮೆ ಬಿತ್ತು. ಸಮಿತಿಯ ಮುಖ್ಯಸ್ಥೆ ಮಾತ್ರ ಕನ್ನಡಕ ತೆಗೆದು ಕೇಳಿದಳು: "ಕಂಪನಿಗಳು ಇಂಥ ಸಾಲಿಗೆ ಸುಮ್ಮನೆ ಒಪ್ಪಲ್ಲ. ಯಾರು ಬರೆಸಿದ್ದು ಇದನ್ನ?"

"ನಮ್ಮಮ್ಮ" ಅಂದೆ. ಸಭೆ ನಕ್ಕಿತು. ನನಗೂ ನಗು ಬಂತು.

ಸಂಜೆ ಮನೆಗೆ ಬಂದು ಫರ್ಮಿನ್ ಮಾವನನ್ನು ತರಾಟೆಗೆ ತೆಗೆದುಕೊಂಡೆ. "ಮಾವ, ಎಡಗಡೆ! ಇಲ್ಲಿಗೆ ಬರುವಾಗ ಎಡಗಡೆ!" ಅವನು ಚಮಚ ಹಿಡಿದು ಯೋಚಿಸಿದ. ಬ್ರೆಡ್ಡನ್ನು ಒಂದು ಸಲ ಹೀಗೆ, ಒಂದು ಸಲ ಹಾಗೆ ತಿರುಗಿಸಿದ. "ಇರಬಹುದು. ಪಾಳಿಗೆ ಹೋಗುವಾಗ ನಿದ್ದೆ ಬರಲ್ಲ, ಕಿಟಕಿ ನೋಡ್ಕೊಂಡು ಕೂತಿರ್ತೀನಿ. ಮುಗಿಸಿ ಬರುವಾಗ ನಾನು ಯಾವತ್ತು ಕಣ್ಣು ಬಿಟ್ಟಿದೀನಿ? ಹದಿನಾಲ್ಕು ವರ್ಷ ಆಯ್ತು, ಆ ಕಡೆ ಏನಿದೆ ಅಂತ ನಂಗೆ ಗೊತ್ತೇ ಇಲ್ಲ" ಅಂದ. ಅವನ ಹೆಂಡತಿ ನಗುತ್ತಾ, "ಇಳಿದ ಮೇಲೂ ಎರಡು ದಿನ ಕಣ್ಣು ಬಿಡಲ್ಲ, ನನ್ನನ್ನ ಕೇಳು" ಎಂದಳು. ನಾನು ಅವನನ್ನು ಬೈಯುವುದು ಬಿಟ್ಟೆ.

ಇದರಿಂದ ನಾನು ತಣ್ಣಗಾದೆ ಎಂದುಕೊಳ್ಳಬೇಡ, ಅಮ್ಮ. ಕೆಳಗಿನ ಬಾವಿಗಳನ್ನು ನೀನು ಕೊಟ್ಟದ್ದು ತಪ್ಪು ಎಂದೇ ಈಗಲೂ ಹೇಳುತ್ತೇನೆ. ಆ ಕೊಳಗಳನ್ನು ಮೇಲಿನಿಂದ ನೋಡಿದವರು ಯಾರೂ ಅದಕ್ಕೆ ಸಹಿ ಹಾಕಲಾರರು. ನೀನು ಅದಕ್ಕೆ, ಮೇಲಿನದು ಉಳಿಯಬೇಕಾದರೆ ಕೆಳಗಿನದು ಬಿಡಬೇಕಾಯಿತು ಎನ್ನುತ್ತೀ. ನಾನು ಒಪ್ಪುವುದಿಲ್ಲ. ಇದನ್ನು ನಮ್ಮ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ಎಷ್ಟು ಗಟ್ಟಿಯಾಗಿ ಬೇಕಾದರೂ ಜಗಳವಾಡೋಣ. ನನ್ನ ಹಾಸಿಗೆಯನ್ನು ಸಬೀನಾ ಅತ್ತೆಯ ಮನೆಯಿಂದ ತರಿಸಿಡು. ಅವಳು ಏನಾದರೂ ಅಂದರೆ ಅನ್ನಿಸಿಕೋ, ನನ್ನ ಪರವಾಗಿ. ದೊನ್ ಕ್ರಿಸ್ಪುಲೊನ ಹತ್ತಿರ ನಾನೇ ಹೋಗಬೇಕು, ಅದು ನಿನ್ನ ಕೆಲಸವಲ್ಲ.

ಜೌಗಿನ ತುದಿಯಲ್ಲಿ, ಉತ್ತರದ ಬೆರಳಿನ ಪಕ್ಕ, ಬಿಳಿ ಚುಕ್ಕೆಗಳು ಕಂಡವು. ಲಾಮಾಗಳೋ, ಹಿಮದ ತುಣುಕುಗಳೋ ತಿಳಿಯಲಿಲ್ಲ. ನಿನಗೆ ಗೊತ್ತಿರುತ್ತದೆ. ಬಂದಾಗ ಹೇಳು.

ನಿನ್ನ ಮಗಳು,
ನೋಯೆಲಿಯಾ

ಮರೆತಿದ್ದೆ: ಆ ಸಾಲು ಬರೆಸಿದವರಿಂದಲೇ ವಿವರ ಕೇಳಬೇಕು ಎಂದು ಸಮಿತಿಯವರು ನವೆಂಬರ್ ಸಭೆಗೆ ಹೆಸರು ಕೇಳಿದರು. ನಿನ್ನದು ಕೊಟ್ಟಿದ್ದೇನೆ, ನಿನ್ನನ್ನು ಕೇಳದೆಯೇ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಬೈಯುವುದಿದ್ದರೆ ಮುಂದಿನ ಶುಕ್ರವಾರದವರೆಗೆ ಸಮಯವಿದೆ. ನೋಂದಣಿ ಪುಸ್ತಕದಲ್ಲಿ 'ಯಾವ ಪಕ್ಷದ ಪರ' ಎಂಬ ಅಂಕಣವಿತ್ತು. ನಿನ್ನ ಹೆಸರಿನ ಮುಂದೆ ಏನು ಬರೆಯಲಿ ಎಂದು ಗುಮಾಸ್ತೆ ಪೆನ್ನು ಹಿಡಿದು ಕಾದಳು. ಪುರಿಲಾರ್ ಊರಿನ ಪರ ಎಂದೆ. ಹಾಗಾದರೆ ಎದುರು ಪಕ್ಷದಲ್ಲಿ ಯಾರು, ನೀವಾ ಎಂದಳು. ಅಲ್ಲ, ನನ್ನನ್ನೂ ಅದೇ ಪಕ್ಷದಲ್ಲಿ, ಅವಳ ಹೆಸರಿನ ಕೆಳಗೆ ಬರೆಯಿರಿ ಎಂದೆ.